ಪೇಟೆಯ ಬ್ಯಾಂಕು, ದೂರದ ತೀರ್ಮಾನ



ಈ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದೀರಿ. ದುಡಿಮೆಯ ಬಹುಪಾಲು ವರ್ಷಗಳನ್ನು ಬ್ಯಾಂಕಿನ ಕೌಂಟರಿನ ಹಿಂದೆ ಕಳೆದವನು ನಾನು. ಹಾಗಾಗಿ ಶಿವಮೊಗ್ಗದ ನಮ್ಮ ಬಿ.ಎಚ್. ರಸ್ತೆ, ನೆಹರು ರಸ್ತೆ, ದುರ್ಗಿಗುಡಿ, ಗಾಂಧಿ ಬಜಾರಿನ ಬ್ಯಾಂಕುಗಳಿಗೆ ಈ ಕೆಲವು ವರ್ಷಗಳಲ್ಲಿ ಏನಾಯಿತು, ಅದರಿಂದ ಶಿವಮೊಗ್ಗ, ಭದ್ರಾವತಿ ಈ ಎರಡು ಊರುಗಳಿಗೆ ಏನಾಯಿತು ಎಂಬುದನ್ನೇ ಹೇಳಬೇಕೆಂದು ನಿಶ್ಚಯಿಸಿದೆ.

ಮೂರು ದಿನಾಂಕಗಳಿಂದ ಶುರು ಮಾಡುತ್ತೇನೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು, ಕೊರೋನಾ ಲಾಕ್‌ಡೌನಿನ ನಡುವೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ ಹೋದವು. 2017ರ ಆರಂಭದಲ್ಲಿ ಕರ್ನಾಟಕದಲ್ಲಿ ಪ್ರಧಾನ ಕಚೇರಿ ಇದ್ದ ಸರ್ಕಾರಿ ಬ್ಯಾಂಕುಗಳು ಐದು. ಮೂರೇ ವರ್ಷದಲ್ಲಿ ಉಳಿದದ್ದು ಒಂದು, ಕೆನರಾ. ದೇಶದ ಲೆಕ್ಕದಲ್ಲಿ ಇಪ್ಪತ್ತೇಳು ಸರ್ಕಾರಿ ಬ್ಯಾಂಕುಗಳು ಹನ್ನೆರಡಕ್ಕೆ ಇಳಿದವು. ಇಷ್ಟು ಬ್ಯಾಂಕುಗಳನ್ನು ಹುಟ್ಟಿಸಿ ಇಷ್ಟು ಬೇಗ ಕಳೆದುಕೊಂಡ ರಾಜ್ಯ ಇನ್ನೊಂದಿಲ್ಲ.

ಒಬ್ಬ ನೌಕರರನ್ನೂ ತೆಗೆಯುವುದಿಲ್ಲ ಎಂದು 2019ರಲ್ಲಿ ಹಣಕಾಸು ಸಚಿವರು ಭರವಸೆ ಕೊಟ್ಟರು. ಅದನ್ನು ಉಳಿಸಿಕೊಂಡರು ಎಂಬುದನ್ನೂ ನಾನು ಒಪ್ಪುತ್ತೇನೆ. ವಿಲೀನದ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸಲಿಲ್ಲ. ಸಂಬಳ, ಪಿಂಚಣಿ, ಸೇವಾ ಹಿರಿತನ ಎಲ್ಲಕ್ಕೂ ರಕ್ಷಣೆ ಸಿಕ್ಕಿತು. ಆದರೆ ನೌಕರನಿಗೆ ಕೊಟ್ಟ ಆ ಮಾತು ಊರಿಗೆ ಕೊಟ್ಟ ಮಾತಾಗಿರಲಿಲ್ಲ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಮನುಷ್ಯರು ಉಳಿದರು, ಹುದ್ದೆಗಳು ಹೋದವು. ಹುದ್ದೆಯ ಬೆನ್ನಿಗೇ ತೀರ್ಮಾನ ಮಾಡುವ ಅಧಿಕಾರವೂ ಊರು ಬಿಟ್ಟಿತು.

ಹುದ್ದೆ ಹೋಗುವುದು ಸದ್ದಿಲ್ಲದೆ. ಒಂದೇ ರಸ್ತೆಯ ಎರಡು ಶಾಖೆಗಳು ಒಂದಾದವು ಎಂದುಕೊಳ್ಳಿ. ಒಂದರಲ್ಲಿ ಎಂಟು ಜನ, ಇನ್ನೊಂದರಲ್ಲಿ ಏಳು. ಕೂಡಿದ ದಿನ ಹದಿನೈದು ಜನರೂ ಇದ್ದಾರೆ, ಕೂರಲು ಜಾಗವಿಲ್ಲ. ಮೂವರನ್ನು ಬೇರೆಡೆಗೆ ಹಾಕುತ್ತಾರೆ. ಮುಂದಿನ ವರ್ಷ ಇಬ್ಬರು ನಿವೃತ್ತರಾಗುತ್ತಾರೆ, ಒಬ್ಬರು ಬಡ್ತಿಯ ಮೇಲೆ ಹೊರ ರಾಜ್ಯಕ್ಕೆ ಹೋಗುತ್ತಾರೆ, ಇನ್ನೊಬ್ಬರು ಸ್ವಯಂನಿವೃತ್ತಿ ಪಡೆಯುತ್ತಾರೆ. ಆ ಜಾಗಗಳಿಗೆ ಯಾರೂ ಬರುವುದಿಲ್ಲ. ಐದಾರು ವರ್ಷಕ್ಕೆ ಎರಡು ಶಾಖೆಗಳ ಗಿರಾಕಿಗಳು ಒಂದೇ ಶಾಖೆಯ ಏಳೆಂಟು ಜನರ ಮುಂದೆ ನಿಂತಿರುತ್ತಾರೆ. ಆಗ ಕೇಳಿಬರುವ ಮಾತು ನಿಮಗೆಲ್ಲ ಗೊತ್ತಿರುವುದೇ: “ಸ್ಟಾಫ್ ಇಲ್ಲ ಸಾರ್.” ಒಬ್ಬರನ್ನೂ ಕಿತ್ತುಹಾಕದೆ ಅರ್ಧ ಶಾಖೆ ಕರಗುವುದು ಹೀಗೆ. ಇದಕ್ಕೆ ಮುಷ್ಕರವಿಲ್ಲ, ಪತ್ರಿಕೆಯಲ್ಲಿ ಸುದ್ದಿಯಿಲ್ಲ. ನಷ್ಟವಾಗುವುದು ಸಹ್ಯಾದ್ರಿ ಕಾಲೇಜಿನಲ್ಲೋ ಭದ್ರಾವತಿಯ ಸರ್ಕಾರಿ ಕಾಲೇಜಿನಲ್ಲೋ ಬಿ.ಕಾಂ. ಓದುತ್ತಿರುವ ಹುಡುಗಿಗೆ. ತನಗೆ ಸಿಗಬಹುದಾಗಿದ್ದ ಕುರ್ಚಿಯೊಂದು ಇತ್ತು ಎಂಬುದೇ ಅವಳಿಗೆ ತಿಳಿಯುವುದಿಲ್ಲ.

ಸಿಬ್ಬಂದಿ ಕಡಿತ ವಿಲೀನದಿಂದಲೇ ಹುಟ್ಟಿದ್ದೇನಲ್ಲ. ಕಂಪ್ಯೂಟರು ಬಂದಾಗ, 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲೇ ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಹೊರಬಿದ್ದರು. 2017ರಲ್ಲಿ ಸ್ಟೇಟ್ ಬ್ಯಾಂಕಿನ ಸಹವರ್ತಿ ಬ್ಯಾಂಕುಗಳಿಂದ ಸುಮಾರು 2,800 ಮಂದಿ ಸ್ವಯಂನಿವೃತ್ತಿ ಪಡೆದರು. ಅವರಲ್ಲಿ ಅನೇಕರು ಐವತ್ತು ದಾಟಿದವರು, ಗಿರಾಕಿಯ ಮುಖ ನೋಡಿದರೆ ಖಾತೆ ನಂಬರು ಹೇಳುವಂಥವರು. ಹೊಸ ಬ್ಯಾಂಕಿನ ಹೊಸ ತಂತ್ರಾಂಶ, ಎಲ್ಲಿಗೋ ಆಗಬಹುದಾದ ವರ್ಗಾವಣೆ, ಸಮಾನರ ನಡುವೆ ಎರಡನೆಯವರಾಗಿ ಕೂರಬೇಕಾದ ಸಂಕಟ, ಇವುಗಳ ಮುಂದೆ ಮನೆಗೆ ಹೋಗುವುದೇ ಮೇಲೆಂದು ಅವರಿಗೆ ಅನಿಸಿತು. ಅದನ್ನು ಕೇವಲ ಸ್ವಇಚ್ಛೆ ಎಂದು ಬರೆದುಕೊಳ್ಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಊರಿನಲ್ಲಿ ನಿಂತು ಮೈಸೂರು ಬ್ಯಾಂಕಿನ ಮಾತೆತ್ತಿದರೆ ಭದ್ರಾವತಿಯ ಮಾತು ತಾನಾಗಿ ಬರುತ್ತದೆ. ಎರಡಕ್ಕೂ ಮೂಲ ಒಂದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರು ಆರಂಭವಾಯಿತು. ಸಂಸ್ಥಾನದ ಉಳಿತಾಯ ಸಂಸ್ಥಾನದಲ್ಲೇ ದುಡಿಯಬೇಕು, ಇಲ್ಲಿನ ವರ್ತಕನಿಗೂ ಕೈಗಾರಿಕೆಗೂ ಸಾಲ ಕೊಡುವ ತೀರ್ಮಾನ ಇಲ್ಲೇ ಆಗಬೇಕು ಎಂಬುದು ಅದರ ಹಿಂದಿನ ಯೋಚನೆ. ಕೆಲವೇ ವರ್ಷಗಳಲ್ಲಿ ಅದೇ ಯೋಚನೆ ಕಬ್ಬಿಣಕ್ಕೆ ಕೈಹಾಕಿತು. 1918ರಲ್ಲಿ ಭದ್ರಾ ನದಿಯ ದಡದಲ್ಲಿ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಊದುಕುಲುಮೆ ಹೊತ್ತಿಕೊಂಡಿತು. ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಅದೇ 1923ರಲ್ಲಿ ಆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ನಷ್ಟದ ಲೆಕ್ಕಗಳನ್ನು ಕೈಗೆತ್ತಿಕೊಂಡರು. 1936ರಲ್ಲಿ ಪಕ್ಕದಲ್ಲೇ ಮೈಸೂರು ಕಾಗದ ಕಾರ್ಖಾನೆ ಎದ್ದಿತು. ಬ್ಯಾಂಕು, ಉಕ್ಕು, ಕಾಗದ ಮೂರೂ ಈ ನೆಲದವರು ತಮ್ಮ ಭವಿಷ್ಯವನ್ನು ತಾವೇ ನಿರ್ಧರಿಸಿಕೊಳ್ಳಲು ಕಟ್ಟಿಕೊಂಡವು.

ಮೂರೂ ಒಂದೊಂದಾಗಿ ಕೈತಪ್ಪಿದವು. ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು, 2017ರಲ್ಲಿ ಹೆಸರೂ ಹೋಯಿತು. ಉಕ್ಕಿನ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು, 1998ರಲ್ಲಿ ಪೂರ್ತಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಆ ತೀರ್ಮಾನ ಮಾಡಿದವರು ಕೂತಿದ್ದು ದೆಹಲಿಯಲ್ಲಿ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಪೆಂಡಾಲು ಹಾಕಿ ತಿಂಗಳುಗಟ್ಟಲೆ ಕೂತರು. ಆ ವರ್ಷ ಆಗಸ್ಟಿನಲ್ಲಿ ಉರುಳುಗಿರಣಿ ಒಂದಿಷ್ಟು ತಿರುಗಿತು. ಕಾಗದ ಕಾರ್ಖಾನೆ 2015ರಲ್ಲೇ ಉತ್ಪಾದನೆ ನಿಲ್ಲಿಸಿತ್ತು. ದೂರದಲ್ಲಿ ಆಗುವ ತೀರ್ಮಾನ ಎಂದರೇನು ಎಂದು ಭದ್ರಾವತಿಯವರಿಗೆ ನಾನು ವಿವರಿಸಬೇಕಾಗಿಲ್ಲ.

ನಾನು ಕೆಲವು ಕಾಲ ಭದ್ರಾವತಿಯ ನ್ಯೂಟೌನ್ ಕಡೆಯ ಒಂದು ಶಾಖೆಯಲ್ಲಿದ್ದೆ. ಯಾವ ಬ್ಯಾಂಕು ಎಂಬುದು ಬೇಡ. ಸಂಬಳದ ದಿನ ಬೆಳಗಿನ ಪಾಳಿ ಮುಗಿಸಿದವರು ಕಾರ್ಖಾನೆಯ ಬಟ್ಟೆಯಲ್ಲೇ ಬರುತ್ತಿದ್ದರು. ಹಿತ್ತಾಳೆಯ ಟೋಕನ್ನು ಹಿಡಿದು ಬೆಂಚಿನ ಮೇಲೆ ಕೂತರೆ ಅಲ್ಲೇ ಅರ್ಧ ಊರಿನ ವಿಚಾರ ವಿನಿಮಯ ಆಗುತ್ತಿತ್ತು. ನಮ್ಮ ಹಿರಿಯ ಗುಮಾಸ್ತರೊಬ್ಬರು ಹಣ ತೆಗೆಯುವ ಚಲನ್ನನ್ನು ಹೆಬ್ಬೆಟ್ಟಿನವರಿಗೆ ತಾವೇ ತುಂಬಿಕೊಡುತ್ತಿದ್ದರು. ತುಂಬುವಾಗ ಒಂದು ಕ್ಷಣ ಪೆನ್ನು ನಿಲ್ಲಿಸಿ, “ಮಗಳ ಫೀಜು ಈ ತಿಂಗಳೇ ಅಲ್ವೇನಮ್ಮಾ, ಅಷ್ಟನ್ನು ಖಾತೇಲೇ ಬಿಡೋಣ” ಎನ್ನುವರು. ಆಕೆ ಯೋಚಿಸಿ, “ಹೌದು ಸಾರ್, ಬಿಡಿ” ಎನ್ನುವಳು. ಇದು ಯಾವ ಬ್ಯಾಂಕಿನ ನಿಯಮ ಪುಸ್ತಕದಲ್ಲೂ ಇರಲಿಲ್ಲ. ಆ ಗುಮಾಸ್ತರ ಕೆಲಸಕ್ಕೆ ಬೆಲೆ ಕಟ್ಟುವಾಗ ಯಾವ ಸಮಿತಿಯೂ ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದನ್ನು ನಾನು ಕಾಣೆ. ಅವರ ಜಾಗದಲ್ಲಿ ಈಗ ಪಾಸ್‌ಬುಕ್ ಮುದ್ರಿಸುವ ಯಂತ್ರವಿದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಅದು ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆ ಹಿರಿಯರು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಈಗ ಯಾರೂ ಮಾಡುವುದಿಲ್ಲ, ಅಷ್ಟೆ.

ಶಿವಮೊಗ್ಗೆಗೂ ಒಂದು ಬ್ಯಾಂಕಿನ ಪ್ರಧಾನ ಕಚೇರಿ ಇತ್ತು ಎಂಬುದು ಇಲ್ಲಿನ ಯುವಕರಲ್ಲಿ ಎಷ್ಟು ಜನರಿಗೆ ನೆನಪಿದೆ? ಸಹ್ಯಾದ್ರಿ ಗ್ರಾಮೀಣ ಬ್ಯಾಂಕು ನಮ್ಮದೇ ಊರಿನದು, ಕೆನರಾ ಬ್ಯಾಂಕಿನ ಪ್ರಾಯೋಜಕತ್ವದ್ದು. 2005ರಲ್ಲಿ ಅದು ತುಂಗಭದ್ರಾ, ಚಿತ್ರದುರ್ಗ, ಕೋಲಾರ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಬಳ್ಳಾರಿಯ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013ರಲ್ಲಿ ಕಲಬುರಗಿಯ ಕೃಷ್ಣಾ ಬ್ಯಾಂಕೂ ಕೂಡಿಕೊಂಡು ಪ್ರಗತಿ ಕೃಷ್ಣ ಎನಿಸಿತು. 2019ರಲ್ಲಿ ಕಾವೇರಿಯೂ ಬಂದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಎಂಬ ನೀತಿಯಂತೆ 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರಲ್ಲಿ ಸೇರಿತು. ಇಪ್ಪತ್ತು ವರ್ಷದಲ್ಲಿ ಒಂದೇ ಶಾಖೆಯ ಬಾಗಿಲ ಮೇಲೆ ಎಷ್ಟು ಬಾರಿ ಬೋರ್ಡು ಬದಲಾಯಿತು ನೋಡಿ. 1975ರಲ್ಲಿ ಗ್ರಾಮೀಣ ಬ್ಯಾಂಕುಗಳನ್ನು ತಂದ ಉದ್ದೇಶವೇ ಎರಡು ಮೂರು ಜಿಲ್ಲೆಯ ಮಣ್ಣು, ಬೆಳೆ, ಮಾತು ಬಲ್ಲವರು ಸಣ್ಣ ರೈತನಿಗೆ ಸಾಲ ಕೊಡಲಿ ಎಂಬುದಾಗಿತ್ತು. ಈಗ ಬೀದರಿನಿಂದ ಚಾಮರಾಜನಗರದ ತನಕ ಒಂದೇ ಬ್ಯಾಂಕು. ಬಂಡವಾಳ ಗಟ್ಟಿಯಾಗಿರಬಹುದು, ತಂತ್ರಾಂಶ ಸುಧಾರಿಸಿರಬಹುದು. ತೀರ್ಥಹಳ್ಳಿಯ ತೋಟದ ಕಷ್ಟ ಬಳ್ಳಾರಿಗೆ ಕಾಣುವುದು ಮಾತ್ರ ಕಾಗದದ ಮೇಲೆ.

ತೋಟದ ಮಾತು ಬಂದಿತಲ್ಲ, ಅಲ್ಲಿಯೇ ಸ್ವಲ್ಪ ನಿಲ್ಲುತ್ತೇನೆ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಧಾರಣೆ ಬೇರೆ ಬೇರೆ. ಸರಕಿಗೂ ಗೊರಬಲಿಗೂ ಇರುವ ಬೆಲೆಯ ಅಂತರ ಗೊತ್ತಿಲ್ಲದ ಮ್ಯಾನೇಜರು ಬೆಳೆಗಾರನ ಆದಾಯವನ್ನು ಅಂದಾಜು ಮಾಡುವುದು ಹೇಗೆ? ಎಲೆಚುಕ್ಕೆ ರೋಗ ಹೊಸನಗರ, ತೀರ್ಥಹಳ್ಳಿ ಕಡೆ ತೋಟಕ್ಕೆ ತೋಟವನ್ನೇ ಒಣಗಿಸುತ್ತಿರುವಾಗ, ಈ ವರ್ಷ ಬಾಕಿ ಬಿದ್ದವನು ಕಟ್ಟಲಾರದವನೋ ಕಟ್ಟದವನೋ ಎಂದು ಅವರು ತೀರ್ಮಾನಿಸುವುದು ಹೇಗೆ? ಇನ್ನು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ ಊರು ಬಿಟ್ಟ ಕುಟುಂಬಗಳಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಉಳುವ ನೆಲದ ಪಹಣಿ ಅವರ ಹೆಸರಿನಲ್ಲಿಲ್ಲ. ದಾಖಲೆಯಲ್ಲಿ ಅದು ಕಾಡು. ಮೂರನೇ ತಲೆಮಾರು ಅಲ್ಲೇ ಅಡಿಕೆ ಬೆಳೆಯುತ್ತಿದೆ. ಈ ಚರಿತ್ರೆ ಬಲ್ಲ ಮ್ಯಾನೇಜರು ನಿಯಮ ಮುರಿಯದೆಯೂ ಒಂದು ದಾರಿ ಹುಡುಕುತ್ತಿದ್ದರು. ಚಿನ್ನದ ಮೇಲೆ ಇಷ್ಟು, ಸ್ವಸಹಾಯ ಗುಂಪಿನ ಮೂಲಕ ಇಷ್ಟು, ಮಗನ ಅಂಗಡಿಗೆ ಇಷ್ಟು ಎಂದು ಕೂಡಿಸಿ ಮನೆ ನಿಲ್ಲುವಂತೆ ಮಾಡುತ್ತಿದ್ದರು. ಈಗ ಅರ್ಜಿ ಸ್ಕ್ಯಾನ್ ಆಗಿ ಸಾಲ ಪರಿಶೀಲನಾ ಕೇಂದ್ರಕ್ಕೆ ಹೋಗುತ್ತದೆ. ಪಹಣಿ ಕಾಲಂ ಖಾಲಿ ಇದ್ದರೆ ಅಲ್ಲಿಗೆ ಮುಗಿಯಿತು. ಶಾಖೆಯವರು ಹೇಳುವುದು ಒಂದೇ ಮಾತು: “ಮೇಲಿಂದ ಆಗಿಲ್ಲ.” ಹಾಗೆ ಹೇಳುವ ಹುಡುಗನ ಮುಖದಲ್ಲಿ ಬೇಸರ ಕಂಡಿದ್ದೇನೆ, ಅವನನ್ನು ದೂರುವಂತಿಲ್ಲ.

ವಿಜಯಾ ಬ್ಯಾಂಕಿನ ಕಥೆಯನ್ನು ನಾನು ಸಮಾಧಾನದಿಂದ ಹೇಳಲಾರೆ. 1931ರ ವಿಜಯದಶಮಿಯ ಹೊತ್ತಿಗೆ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಮತ್ತು ಅವರ ಜೊತೆಗಾರರು ರೈತರಿಗಾಗಿ ಕಟ್ಟಿದ ಬ್ಯಾಂಕು ಅದು. 2017-18ರಲ್ಲಿ ದೇಶದ ಇಪ್ಪತ್ತೊಂದು ಸರ್ಕಾರಿ ಬ್ಯಾಂಕುಗಳಲ್ಲಿ ಹತ್ತೊಂಬತ್ತು ನಷ್ಟದಲ್ಲಿದ್ದವು. ಲಾಭ ತೋರಿಸಿದ ಎರಡರಲ್ಲಿ ಒಂದು ವಿಜಯಾ, 727 ಕೋಟಿ ರೂಪಾಯಿ. ಆ ವರ್ಷ ಮುಗಿದ ಆರೇ ತಿಂಗಳಿಗೆ, 2018ರ ಸೆಪ್ಟೆಂಬರಿನಲ್ಲಿ, ರಿಸರ್ವ್ ಬ್ಯಾಂಕಿನ ನಿರ್ಬಂಧದಡಿ ಇದ್ದ ದೇನಾ ಬ್ಯಾಂಕಿನ ಜೊತೆ ಅದನ್ನೂ ಬರೋಡಾಕ್ಕೆ ಸೇರಿಸುವ ಘೋಷಣೆ ಬಂತು. ಬ್ಯಾಂಕ್ ಸುಧಾರಣೆಯ ವಿಷಯದಲ್ಲಿ ಎಲ್ಲರೂ ಉದಾಹರಿಸುವ ನರಸಿಂಹಂ ಸಮಿತಿಯೇ ತನ್ನ ಎರಡನೇ ವರದಿಯಲ್ಲಿ, ದುರ್ಬಲ ಬ್ಯಾಂಕನ್ನು ಉಳಿಸುವ ಉಪಾಯವಾಗಿ ವಿಲೀನವನ್ನು ಬಳಸಬಾರದು ಎಂದಿತ್ತು. ಅದೇ ಸಮಿತಿಯ 1991ರ ವರದಿಯನ್ನು ಪೂರ್ತಿ ಓದಿದವರಿಗೆ ಇನ್ನೊಂದು ಸಂಗತಿ ಸಿಗುತ್ತದೆ. ಮೂರು ನಾಲ್ಕು ಭಾರಿ ಬ್ಯಾಂಕುಗಳು, ಎಂಟು ಹತ್ತು ರಾಷ್ಟ್ರೀಯ ಬ್ಯಾಂಕುಗಳು ಎಂದು ಹೇಳಿದ ಮೇಲೆ ಸಮಿತಿ ಅಲ್ಲಿಗೆ ನಿಲ್ಲಲಿಲ್ಲ. ಒಂದೊಂದು ಪ್ರದೇಶಕ್ಕೆ ಸೀಮಿತವಾದ ಸ್ಥಳೀಯ ಬ್ಯಾಂಕುಗಳೂ ಇರಬೇಕು ಎಂದಿತು. ದೊಡ್ಡ ಬ್ಯಾಂಕಿನ ಭಾಗವನ್ನಷ್ಟೇ ಎತ್ತಿಕೊಂಡು ಸ್ಥಳೀಯ ಬ್ಯಾಂಕಿನ ಭಾಗವನ್ನು ಬಿಟ್ಟೆವು. ಕೇರಳದ ವಿಧಾನಸಭೆ 2016ರಲ್ಲಿ ತನ್ನ ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರನ್ನು ಉಳಿಸಿ ಎಂದು ನಿರ್ಣಯವನ್ನಾದರೂ ಮಾಡಿತು.

ವಿಲೀನದಿಂದ ಗಿರಾಕಿಗೆ ಏನಾಯಿತು ಎಂದರೆ ಐಎಫ್‌ಎಸ್‌ಸಿ ಸಂಖ್ಯೆ, ಚೆಕ್‌ಬುಕ್ಕು ಬದಲಾದವು ಎಂದು ಹೇಳಿ ಮುಗಿಸುವವರಿದ್ದಾರೆ. ಅದೇನೂ ಸಣ್ಣದಲ್ಲ, ಆದರೆ ಜನ ಸಹಿಸಿಕೊಂಡರು. ನನಗೆ ಹೆಚ್ಚು ನೋವು ಕೊಟ್ಟದ್ದು ಕನಿಷ್ಠ ಶಿಲ್ಕಿನ ದಂಡ. ಐದು ವರ್ಷ ಕೈಬಿಟ್ಟಿದ್ದ ಆ ನಿಯಮವನ್ನು ಸ್ಟೇಟ್ ಬ್ಯಾಂಕು ಮತ್ತೆ ಜಾರಿಗೆ ತಂದದ್ದು ಅದೇ 2017ರ ಏಪ್ರಿಲ್ 1ರಿಂದ. ಶಿವಮೊಗ್ಗ, ಭದ್ರಾವತಿಯಂಥ ನಗರದ ಶಾಖೆಯಲ್ಲಿ ಸರಾಸರಿ 3,000 ರೂಪಾಯಿ ಇರಬೇಕು, ಇಲ್ಲದಿದ್ದರೆ ಕಡಿತ. ಮೈಸೂರು ಬ್ಯಾಂಕಿನ ಖಾತೆದಾರರು ಹೊಸ ಬ್ಯಾಂಕಿಗೆ ಕಾಲಿಟ್ಟ ದಿನವೇ ಈ ನಿಯಮದ ಕೆಳಗೆ ಬಂದರು. ಏಪ್ರಿಲಿನಿಂದ ನವೆಂಬರಿನ ತನಕ ಎಂಟು ತಿಂಗಳಲ್ಲಿ ದೇಶದಾದ್ಯಂತ ಸುಮಾರು 1,772 ಕೋಟಿ ರೂಪಾಯಿ ಹೀಗೆ ಬಡವರ ಖಾತೆಗಳಿಂದ ಹೋಯಿತು. ಟೀಕೆ ಬಂದ ಮೇಲೆ ಮೊತ್ತ ಇಳಿಯಿತು, ಪಿಂಚಣಿದಾರರಿಗೆ ವಿನಾಯಿತಿ ಸಿಕ್ಕಿತು. 2020ರ ಮಾರ್ಚಿನಲ್ಲಿ ನಿಯಮವೇ ಹೋಯಿತು. ಮೂರು ಸಾವಿರವನ್ನು ಖಾತೆಯಲ್ಲಿ ಸುಮ್ಮನೆ ಬಿಡಲು ಭದ್ರಾವತಿಯ ಕಾಗದನಗರದಲ್ಲಿ ಕೆಲಸ ಕಳೆದುಕೊಂಡವನಿಗೆ ಆಗುತ್ತದೆಯೇ ಎಂದು ಕೇಳುವ ಒಬ್ಬರು ಆ ತೀರ್ಮಾನ ಮಾಡಿದ ಕೋಣೆಯಲ್ಲಿ ಇರಬೇಕಿತ್ತು.

ಪಿಗ್ಮಿ ಸಂಗ್ರಹಕಾರರನ್ನು ನೆನೆಯದೆ ಬ್ಯಾಂಕಿನ ಉದ್ಯೋಗದ ಮಾತು ಪೂರ್ತಿಯಾಗದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪೂರ್ವಸಂಸ್ಥೆ ಉಡುಪಿಯಲ್ಲಿ ಆರಂಭಿಸಿದ ಯೋಜನೆ ಅದು. ದಿನಕ್ಕೆ ಎರಡಾಣೆ ಉಳಿಸುವವನ ಮನೆ ಬಾಗಿಲಿಗೆ ಬ್ಯಾಂಕೇ ಹೋಗುವುದು ಎಂಬುದನ್ನು ತೋನ್ಸೆ ಮಾಧವ ಅನಂತ ಪೈ ಮತ್ತು ಅವರ ಜೊತೆಗಾರರು ನಡೆಸಿ ತೋರಿಸಿದರು. ಇಂದಿಗೂ ಸಂಜೆ ನಾಲ್ಕರ ಮೇಲೆ ಗಾಂಧಿ ಬಜಾರಿನಲ್ಲಿ ನಿಂತು ನೋಡಿ. ಹೆಗಲ ಚೀಲ, ಕೈಯಲ್ಲಿ ಸಣ್ಣ ಯಂತ್ರ. ಹೂವಿನವಳ ಮುಂದೆ ನಿಲ್ಲುತ್ತಾರೆ, ಅವಳು ಬುಟ್ಟಿಯಡಿಯ ಗೋಣಿ ಎತ್ತಿ ಐವತ್ತರ ನೋಟು ತೆಗೆಯುತ್ತಾಳೆ, ಚೀಟಿ ಹೊರಬರುತ್ತದೆ, ಮಾತಿಲ್ಲದೆ ಮುಂದಿನ ಅಂಗಡಿ. ಮಳೆಗಾಲದಲ್ಲಿ ಆ ಯಂತ್ರಕ್ಕೆ ಪ್ಲಾಸ್ಟಿಕ್ ಕವರು ಸುತ್ತಿರುತ್ತಾರೆ. ಇವರಿಗೆ ಸಿಗುವುದು ಕಮಿಷನ್ನು. 2001ರಲ್ಲಿ ಸುಪ್ರೀಂ ಕೋರ್ಟು ಇವರು ಕಾರ್ಮಿಕರು ಎಂದು ಒಪ್ಪಿತು, ಆದರೆ ಬ್ಯಾಂಕಿನ ಕಾಯಂ ನೌಕರರೆಂದು ಹೇಳಲಿಲ್ಲ. ಒಬ್ಬ ನೌಕರರನ್ನೂ ತೆಗೆಯುವುದಿಲ್ಲ ಎಂಬ ಭರವಸೆಯಲ್ಲಿ ಇವರಿರಲಿಲ್ಲ. ಎಟಿಎಂ ಕಾವಲುಗಾರ, ಹಂಗಾಮಿ ಜವಾನ, ಶಾಖೆಯ ಕಸ ಗುಡಿಸುವ ಹೆಂಗಸು, ಹಳ್ಳಿಯ ಬ್ಯಾಂಕ್ ಮಿತ್ರ, ಇವರಾರೂ ಇರಲಿಲ್ಲ. ಶಾಖೆ ಮುಚ್ಚಿದಾಗ ಇವರ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲೂ ಮೊದಲ ಏಟು ಬಿದ್ದದ್ದು ಗುತ್ತಿಗೆಯವರಿಗೇ.

ಭಾಷೆಯ ಪ್ರಶ್ನೆಯನ್ನು ಇದೇ ದಾರಿಯಲ್ಲಿ ನೋಡಬೇಕೆಂದು ನನ್ನ ವಿನಂತಿ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರೊಬ್ಬರು ಕನ್ನಡ ಮಾತಾಡುವುದಿಲ್ಲ ಎಂದ ಪ್ರಸಂಗ ರಾಜ್ಯವನ್ನೇ ಕಲಕಿತು. ಮುಖ್ಯಮಂತ್ರಿಗಳು ಖಂಡಿಸಿದರು, ಆ ಮ್ಯಾನೇಜರಿಗೆ ವರ್ಗವಾಯಿತು. ಒಬ್ಬ ವ್ಯಕ್ತಿಯನ್ನು ವರ್ಗ ಮಾಡಿದರೆ ವ್ಯವಸ್ಥೆ ಬದಲಾಗುವುದಿಲ್ಲ. ಅಧಿಕಾರಿಗಳ ನೇಮಕ ಅಖಿಲ ಭಾರತದ್ದು, ವರ್ಗಾವಣೆಯೂ ಅಷ್ಟೇ. ಕನ್ನಡದ ಬ್ಯಾಂಕು ದೊಡ್ಡ ಬ್ಯಾಂಕಿನ ಒಂದು ವಲಯವಾದಾಗ ಆ ವಲಯಕ್ಕೆ ಎಲ್ಲಿಂದಲಾದರೂ ಯಾರಾದರೂ ಬರಬಹುದು. ಬರಲಿ, ಸಂತೋಷ. ಮೂರು ತಿಂಗಳು ಕನ್ನಡ ಕಲಿಸಿ ಕಳಿಸುವುದು ಬ್ಯಾಂಕಿನ ಕರ್ತವ್ಯ. ಗುಮಾಸ್ತರ ಪರೀಕ್ಷೆ ಕನ್ನಡದಲ್ಲೂ ನಡೆಯುವಂತಾದದ್ದು ದೀರ್ಘ ಹೋರಾಟದ ಫಲ. ಆದರೆ ಗುಮಾಸ್ತರ ಹುದ್ದೆಗಳೇ ಕರಗುತ್ತಿರುವಾಗ ಆ ಗೆಲುವು ಅರ್ಧವಾಗುತ್ತದೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ತಿಂಗಳಿಗೆ ಎರಡು ಸಾವಿರ ಬಂತೋ ಇಲ್ಲವೋ ಎಂದು ಕೇಳಲು ಶಾಖೆಗೆ ಬರುವ ಹೆಂಗಸರ ಸಾಲು ನೋಡಿದ್ದೀರಿ. ಸರ್ಕಾರಗಳು ಬ್ಯಾಂಕಿನ ಶಾಖೆಯ ಮೇಲೆ ಭಾರ ಹೇರುತ್ತಲೇ ಇವೆ, ಶಾಖೆಯ ಬೆನ್ನು ಮಾತ್ರ ಸಣ್ಣದಾಗುತ್ತಿದೆ.

ಇದು ನಮ್ಮೊಬ್ಬರ ಪಾಡಲ್ಲ. ಬ್ರಿಟನ್ನಿನಲ್ಲಿ 2009ರಲ್ಲಿ ಲಾಯ್ಡ್ಸ್ ಬ್ಯಾಂಕು ಎಚ್‌ಬಿಒಎಸ್ ಅನ್ನು ಕೊಂಡ ಮೇಲೆ ಹತ್ತಾರು ಸಾವಿರ ಹುದ್ದೆಗಳು ಹೋದವು. 2015ರಿಂದೀಚೆಗೆ ಅಲ್ಲಿನ ಪೇಟೆಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಶಾಖೆಗಳು ಮುಚ್ಚಿವೆ. ಬಡವರ ಉಳಿತಾಯಕ್ಕೆಂದು 1810ರಲ್ಲಿ ಸ್ಕಾಟ್ಲೆಂಡಿನ ರತ್‌ವೆಲ್ ಎಂಬ ಹಳ್ಳಿಯ ಪಾದ್ರಿ ಹೆನ್ರಿ ಡಂಕನ್ ಕಟ್ಟಿದ ಉಳಿತಾಯ ಬ್ಯಾಂಕಿನ ಪರಂಪರೆ ಟಿಎಸ್‌ಬಿ ಎಂಬ ಬ್ಯಾಂಕಿನದು. ಅದನ್ನು 265 ಕೋಟಿ ಪೌಂಡಿಗೆ ಕೊಳ್ಳುವುದಾಗಿ 2025ರ ಜುಲೈಯಲ್ಲಿ ಸ್ಯಾಂಟಾಂಡರ್ ಪ್ರಕಟಿಸಿತು. ಮಾರುತ್ತಿದ್ದವರು ಸ್ಪೇನಿನ ಸಬಾದೆಲ್ ಬ್ಯಾಂಕಿನವರು. ಈ ಸಬಾದೆಲ್‌ನ ಕಥೆ ನನಗೆ ಧೈರ್ಯ ಕೊಟ್ಟಿತು. 1881ರಲ್ಲಿ ಜವಳಿ ಊರೊಂದರ ಉದ್ಯಮಿಗಳು, ವರ್ತಕರು ಕೂಡಿ ಕಟ್ಟಿದ ಬ್ಯಾಂಕದು. ಊರಿನ ಹೆಸರೇ ಬ್ಯಾಂಕಿನ ಹೆಸರು. ಬಿಬಿವಿಎ ಎಂಬ ದೊಡ್ಡ ಬ್ಯಾಂಕು 2024ರಲ್ಲಿ ಅದನ್ನು ಆಡಳಿತ ಮಂಡಳಿಯ ಇಚ್ಛೆಗೆ ವಿರುದ್ಧವಾಗಿಯೇ ನುಂಗಲು ಹೊರಟಿತು. ಊರಿನ ಸಣ್ಣ ಉದ್ಯಮಿಗಳು, ವಾಣಿಜ್ಯ ಸಂಘಗಳು ಎದುರು ನಿಂತವು. ಕೊಂಡರೂ ಮೂರು ವರ್ಷ ಎರಡನ್ನೂ ಬೇರೆಯಾಗಿಯೇ ನಡೆಸಬೇಕೆಂದು ಸರ್ಕಾರ ಷರತ್ತು ಹಾಕಿತು. 2025ರ ಅಕ್ಟೋಬರಿನಲ್ಲಿ ಷೇರುದಾರರ ಉತ್ತರ ಬಂತು: ಕಾಲು ಭಾಗ ಷೇರುಗಳಷ್ಟೇ ಒಪ್ಪಿದವು. ಯತ್ನ ಬಿದ್ದುಹೋಯಿತು. ಅಲ್ಲಿ ಕೊನೆಯ ಮಾತು ಷೇರುದಾರರದಾಗಿತ್ತು. ನಮ್ಮಲ್ಲಿ ಮೈಸೂರು ಬ್ಯಾಂಕಿನ ಹತ್ತು ಷೇರಿಗೆ ಸ್ಟೇಟ್ ಬ್ಯಾಂಕಿನ ಇಪ್ಪತ್ತೆರಡು, ವಿಜಯಾದ ಸಾವಿರಕ್ಕೆ ಬರೋಡಾದ 402 ಎಂದು ಲೆಕ್ಕ ಪ್ರಕಟವಾದಾಗ ಎಲ್ಲ ಮುಗಿದಿತ್ತು.

ಸ್ಥಳೀಯವಾದದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ನಮ್ಮದೇ ಜಿಲ್ಲಾ ಸಹಕಾರಿ ಬ್ಯಾಂಕಿನ ನಗರ ಶಾಖೆಯಲ್ಲಿ ನಕಲಿ ಚಿನ್ನದ ಮೇಲೆ ಸಾಲ ಕೊಟ್ಟ ಪ್ರಕರಣ 2014ರಲ್ಲಿ ಹೊರಬಿದ್ದಾಗ ಈ ಊರು ತಲೆ ತಗ್ಗಿಸಿತು. ಪರಿಚಯ ಹೆಚ್ಚಾದಲ್ಲಿ ಪಕ್ಷಪಾತ ಬರುತ್ತದೆ, ಸಾಲ ತಮಗೆ ಬೇಕಾದವರಿಗೆ ಹೋಗುತ್ತದೆ. ದೊಡ್ಡ ಬ್ಯಾಂಕಿನ ಕಟ್ಟುನಿಟ್ಟು ಅಂಥಲ್ಲಿ ಬೇಕು. 2020ರಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕು ಮುಳುಗುವ ಹೊತ್ತಿಗೆ ಸಿಂಗಾಪುರದ ಡಿಬಿಎಸ್ ಅದನ್ನು ವಹಿಸಿಕೊಳ್ಳದಿದ್ದರೆ ಠೇವಣಿದಾರರ ಗತಿ ಏನಾಗುತ್ತಿತ್ತು? ಆದರೆ ಮುಳುಗುವುದನ್ನು ಎತ್ತುವುದು ಬೇರೆ, ತೇಲುತ್ತಿರುವುದನ್ನು ಒಯ್ಯುವುದು ಬೇರೆ. ವಿಜಯಾ ಮುಳುಗುತ್ತಿರಲಿಲ್ಲ.

ಮುಂದಿನ ಸುತ್ತು ದೂರವಿಲ್ಲ. ಎರಡು ಸರ್ಕಾರಿ ಬ್ಯಾಂಕುಗಳನ್ನು ಖಾಸಗಿಗೆ ಕೊಡುವುದಾಗಿ 2021ರ ಬಜೆಟ್ಟಿನಲ್ಲಿ ಹೇಳಿಯಾಗಿದೆ. ದೇಶಕ್ಕೆ ಇನ್ನೂ ದೊಡ್ಡ ಬ್ಯಾಂಕುಗಳು ಬೇಕೆಂದು 2025ರ ನವೆಂಬರಿನಲ್ಲಿ ಹಣಕಾಸು ಸಚಿವರು ಮತ್ತೆ ಹೇಳಿದ್ದಾರೆ. ನೆರೆಯ ಕೊಲ್ಲಾಪುರದಲ್ಲಿ 1943ರಲ್ಲಿ ಹುಟ್ಟಿದ ರತ್ನಾಕರ ಬ್ಯಾಂಕು, ಈಗಿನ ಆರ್‌ಬಿಎಲ್, ಅದರ ಶೇ 60ರಷ್ಟು ಪಾಲನ್ನು ಕೊಳ್ಳಲು ದುಬೈಯ ಎಮಿರೇಟ್ಸ್ ಎನ್‌ಬಿಡಿ 2025ರ ಅಕ್ಟೋಬರಿನಲ್ಲಿ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನ ವೈಶ್ಯ ಬ್ಯಾಂಕು ಡಚ್ಚರ ಕೈ ದಾಟಿ 2015ರಲ್ಲಿ ಕೋಟಕ್ ಪಾಲಾದದ್ದನ್ನು ನೀವು ಕಂಡಿದ್ದೀರಿ. ಮಂಗಳೂರಿನ ಕರ್ಣಾಟಕ ಬ್ಯಾಂಕು 2024ರಲ್ಲಿ ನೂರು ತುಂಬಿಸಿಕೊಂಡು ಇನ್ನೂ ತನ್ನ ಕಾಲ ಮೇಲೆ ನಿಂತಿದೆ.

ಹಾಗಾದರೆ ಶಿವಮೊಗ್ಗ, ಭದ್ರಾವತಿಯಲ್ಲಿ ಕೂತವರು ಮಾಡಬಹುದಾದದ್ದು ಏನು? ಒಂದು ಬಾಗಿಲಿದೆ, ಅದನ್ನು ನಾವು ತಟ್ಟುವುದಿಲ್ಲ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಇದೆ, ನಮ್ಮ ಜಿಲ್ಲೆಗೆ ಕೆನರಾ ಬ್ಯಾಂಕು. ಮೂರು ತಿಂಗಳಿಗೊಮ್ಮೆ ಜಿಲ್ಲಾ ಮಟ್ಟದ ಪರಿಶೀಲನಾ ಸಭೆ ನಡೆಯುತ್ತದೆ. ಸಂಸದರು, ಶಾಸಕರು, ಜಿಲ್ಲಾಡಳಿತದವರು, ಎಲ್ಲ ಬ್ಯಾಂಕಿನವರು ಅಲ್ಲಿಗೆ ಬರಬೇಕು. ಗ್ರಾಮೀಣ ಶಾಖೆಯನ್ನಾಗಲಿ, ಸಣ್ಣ ಪಟ್ಟಣದ ಒಂದೇ ಒಂದು ಶಾಖೆಯನ್ನಾಗಲಿ ಮುಚ್ಚಲು ಆ ಸಮಿತಿಯ ಒಪ್ಪಿಗೆ ಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಲಕ್ಷಕ್ಕಿಂತ ಹೆಚ್ಚು ಜನವಿರುವ ಊರು ಅವರ ಲೆಕ್ಕದಲ್ಲಿ ನಗರ. 2011ರ ಜನಗಣತಿಯಂತೆ ಭದ್ರಾವತಿಯಲ್ಲಿ ಸುಮಾರು ಒಂದೂವರೆ ಲಕ್ಷ ಜನ. ಹಾಗಾಗಿ ನ್ಯೂಟೌನಿನಲ್ಲೋ ಕಾಗದನಗರದಲ್ಲೋ ಒಂದು ಶಾಖೆಯ ಬಾಗಿಲು ಹಾಕುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಕಾರ್ಖಾನೆ ಮಲಗಿದ ಊರಿಗೆ ನಗರದ ನಿಯಮ ಹಚ್ಚುವುದು ಅನ್ಯಾಯ. ಇಂಥ ಕೈಗಾರಿಕಾ ಊರುಗಳ ಶಾಖೆಗಳಿಗೂ ಸಮಿತಿಯ ಒಪ್ಪಿಗೆ ಕಡ್ಡಾಯವಾಗಬೇಕು ಎಂದು ನಮ್ಮ ಪ್ರತಿನಿಧಿಗಳು ಕೇಳಬೇಕು. ಪ್ರತಿ ಶಾಖೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಕನ್ನಡ ಬಲ್ಲವರು ಎಷ್ಟು ಎಂಬ ಪಟ್ಟಿ ಆ ಸಭೆಯ ಮೇಜಿನ ಮೇಲೆ ಬರಬೇಕು. ಜಿಲ್ಲೆಯ ಠೇವಣಿಯಲ್ಲಿ ಎಷ್ಟು ಪಾಲು ಜಿಲ್ಲೆಯಲ್ಲೇ ಸಾಲವಾಗುತ್ತಿದೆ ಎಂಬ ಅಂಕಿ ಈಗಲೂ ಅಲ್ಲಿಗೆ ಬರುತ್ತದೆ. ಅದನ್ನು ಪತ್ರಿಕೆಗಳು ಅಚ್ಚು ಮಾಡಬೇಕು. ಮುಳುಗಡೆಯವರ ಸಾಲ, ಎಲೆಚುಕ್ಕೆ ಬಿದ್ದ ತೋಟದ ಬಾಕಿ ಇಂಥವಕ್ಕೆ ಶಾಖೆಯಲ್ಲೇ ಒಂದು ಮಿತಿಯ ತನಕ ತೀರ್ಮಾನಿಸುವ ಅಧಿಕಾರವನ್ನು ಮ್ಯಾನೇಜರಿಗೆ ಹಿಂದಿರುಗಿಸಬೇಕು.

ವಾಣಿಜ್ಯ ಪದವಿಯ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ಎರಡೂ ಊರುಗಳ ಬ್ಯಾಂಕು ಶಾಖೆಗಳ ಪಟ್ಟಿಯನ್ನು ರಸ್ತೆ ರಸ್ತೆ ನಡೆದು ನೀವೇ ಮಾಡಿ. 2016ರಲ್ಲಿ ಎಲ್ಲಿ ಯಾವುದಿತ್ತು, ಈಗ ಏನಿದೆ, ಅಂದು ಎಷ್ಟು ಕೌಂಟರು, ಇಂದು ಎಷ್ಟು ಎಂದು ಅಂಗಡಿಯವರನ್ನು, ನಿವೃತ್ತ ನೌಕರರನ್ನು ಕೇಳಿ ಬರೆದುಕೊಳ್ಳಿ. ಬ್ಯಾಂಕ್ ನೌಕರರ ಯೂನಿಯನ್ನಿನ ನನ್ನ ಗೆಳೆಯರು ನಿಮ್ಮ ಜೊತೆ ಬರಲು ಒಪ್ಪಿದ್ದಾರೆ. ಮುಂದಿನ ತ್ರೈಮಾಸಿಕ ಸಭೆಗೆ ಮೊದಲು ಆ ಪಟ್ಟಿ ಸಿದ್ಧವಾದರೆ ಅದನ್ನು ಲೀಡ್ ಬ್ಯಾಂಕಿನ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ನಾವೇ ಹೋಗಿ ಕೊಟ್ಟುಬರೋಣ. ಆಸಕ್ತರು ಸಭೆ ಮುಗಿದ ಮೇಲೆ ಎಡಗಡೆಯ ಮೇಜಿನ ಹತ್ತಿರ ಹೆಸರು ಬರೆಸಿ, ಮೊದಲು ಬಿ.ಎಚ್. ರಸ್ತೆಯಿಂದ ಶುರು ಮಾಡೋಣ.